ಗದ್ದದ ಕೀವು, ಕುತ್ತಿಗೆಯ ಸೂಜಿ

(ಗುಂಡುಮಾಲಿನ ವಯಸ್ಕರ ಓದಿನ ಕೇಂದ್ರದಲ್ಲಿ ಸಂಯೋಜಕರು ಆಡಿದ ಮಾತು. ನಿಧಾನವಾಗಿ ಓದಿ. ಮನೆಯಲ್ಲಿ ಓದಲು ಬಾರದವರಿದ್ದರೆ ಅವರಿಗೂ ಓದಿ ಹೇಳಿ.)



ಇವತ್ತಿನ ಮಾತು ಹಲ್ಲಿನದು. ಹಲ್ಲಿನ ಮಾತು ಅಂದ ಕೂಡಲೇ ಕೆಲವರು ನಗುತ್ತೀರಿ. ಹಲ್ಲು ನೋವಿಗೆ ಯಾರಾದರೂ ಸಾಯುತ್ತಾರಾ ಅಂತ ಕೇಳುತ್ತೀರಿ. ಬರೀ ನೋವಿಗೆ ಸಾಯುವುದಿಲ್ಲ, ನಿಜ. ಆದರೆ ಹಲ್ಲಿನ ಬುಡದಲ್ಲಿ ತುಂಬಿದ ಕೀವು ಕುತ್ತಿಗೆಗೆ ಇಳಿದರೆ ಉಸಿರು ನಿಲ್ಲುತ್ತದೆ. ಆ ಕೀವನ್ನು ಹೊರಗೆ ತೆಗೆಯುವುದು ಹೇಗೆ, ತೆಗೆಯುವಾಗ ನೋವು ಆಗದ ಹಾಗೆ ವೈದ್ಯರು ಏನು ಮಾಡುತ್ತಾರೆ, ಅದಕ್ಕೆ ನಾವು ಯಾಕೆ ಹೆದರುತ್ತೇವೆ, ಇವನ್ನು ಇವತ್ತು ಮಾತಾಡೋಣ.

ಹಲ್ಲಿನಿಂದ ಕುತ್ತಿಗೆಗೆ

ಹಲ್ಲಿನಲ್ಲಿ ಹುಳುಕು ಬೀಳುತ್ತದೆ. ಹುಳುಕು ಅಂದರೆ ಒಳಗೆ ಹುಳ ಇರುವುದಿಲ್ಲ. ಕಣ್ಣಿಗೆ ಕಾಣದ ಸಣ್ಣ ಜೀವಿಗಳು ಹಲ್ಲನ್ನು ತಿನ್ನುತ್ತವೆ. ತೂತು ಆಳವಾಗಿ ಹಲ್ಲಿನ ನರದವರೆಗೂ ಹೋಗುತ್ತದೆ. ಆಗ ರಾತ್ರಿ ಎಲ್ಲ ನಿದ್ದೆ ಇಲ್ಲ. ಕೆಲವು ದಿನ ಆದ ಮೇಲೆ ನೋವು ತಾನಾಗಿ ನಿಲ್ಲುತ್ತದೆ. ನಾವು ಅಂದುಕೊಳ್ಳುತ್ತೇವೆ, ವಾಸಿ ಆಯಿತು ಅಂತ. ಆದರೆ ಹಲ್ಲಿನ ಒಳಗಿನ ನರ ಸತ್ತಿದೆ, ಅಷ್ಟೇ. ಸತ್ತ ನರ ನೋವು ಹೇಳುವುದಿಲ್ಲ. ಕೀವು ಮಾತ್ರ ಬೇರಿನ ತುದಿಯಿಂದ ಎಲುಬಿನೊಳಗೆ ಇಳಿಯುತ್ತಾ ಇರುತ್ತದೆ.

ಈಗ ನಿಮ್ಮ ನಾಲಿಗೆಯ ತುದಿಯನ್ನು ನಾಲಿಗೆಯ ಕೆಳಗಿನ ಜಾಗಕ್ಕೆ ಒತ್ತಿ ನೋಡಿ. ಅದು ಬಾಯಿಯ ನೆಲ. ಆ ನೆಲದ ಕೆಳಗೆ ತೊಟ್ಟಿಲಿಗೆ ಕಟ್ಟಿದ ಸೀರೆಯ ಹಾಗೆ ಒಂದು ಮಾಂಸದ ಹಾಸು ಇದೆ. ಅದು ಕೆಳದವಡೆಯ ಎರಡೂ ಕಡೆಗೆ ಅಂಟಿಕೊಂಡಿದೆ. ಮುಂದಿನ ಹಲ್ಲುಗಳ ಬೇರು ಈ ಹಾಸಿನ ಮೇಲೆ ಇರುತ್ತದೆ. ಆದರೆ ಕೆಳದವಡೆಯ ಕೊನೆಯ ಎರಡು ಹಲ್ಲು ಇವೆಯಲ್ಲ, ಅವುಗಳ ಬೇರು ಹಾಸಿನ ಕೆಳಗೆ ಇಳಿದಿರುತ್ತದೆ. ಅದಕ್ಕೇ ಆ ಹಲ್ಲುಗಳ ಕೀವು ಬಾಯಿಗೆ ಬರುವುದಿಲ್ಲ. ನೇರ ಗದ್ದದ ಕೆಳಗೆ, ಕುತ್ತಿಗೆಗೆ ಬರುತ್ತದೆ. ಹೊರಗಿನಿಂದ ನೋಡಿದರೆ ಗದ್ದ ಬಾತಿದೆ. ಬಾಯಿ ತೆರೆದು ನೋಡೋಣ ಅಂದರೆ ತೆರೆಯುವುದಿಲ್ಲ.

1836ರಲ್ಲಿ ಜರ್ಮನಿ ದೇಶದ ಲುಡ್ವಿಗ್ ಎಂಬ ವೈದ್ಯರು ಇಂಥ ರೋಗಿಗಳನ್ನು ನೋಡಿ ಬರೆದಿಟ್ಟರು. ಗದ್ದದ ಕೆಳಗೆ ಎರಡೂ ಕಡೆ ಕಟ್ಟಿಗೆಯ ಹಾಗೆ ಗಟ್ಟಿ ಬಾವು. ನಾಲಿಗೆ ಮೇಲಕ್ಕೆ ಎದ್ದು ಅಂಗಳಕ್ಕೆ ತಾಗುತ್ತದೆ. ಎಂಜಲು ನುಂಗಲು ಆಗದೆ ಹೊರಗೆ ಸುರಿಯುತ್ತದೆ. ಕೊನೆಗೆ ಉಸಿರು ಕಟ್ಟುತ್ತದೆ. ಈ ಕಾಯಿಲೆಗೆ ಇವತ್ತಿಗೂ ಅವರ ಹೆಸರೇ ಇದೆ. ಪೆನ್ಸಿಲಿನ್‌ನಂಥ ಮದ್ದು ಬರುವ ಮೊದಲು ಈ ಕಾಯಿಲೆ ಬಂದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಈಗ ಬೇಗ ದವಾಖಾನೆಗೆ ಬಂದರೆ ಬಹಳ ಮಂದಿ ಉಳಿಯುತ್ತಾರೆ. ಬೇಗ ಅನ್ನುವ ಮಾತು ಇಲ್ಲಿ ದೊಡ್ಡದು. ನಿನ್ನೆ ಸಂಜೆ ನಿಂಬೆಕಾಯಿಯಷ್ಟು ಇದ್ದ ಬಾವು ಇವತ್ತು ಸಂಜೆಗೆ ಕುತ್ತಿಗೆ ಪೂರ್ತಿ ಹಬ್ಬಬಹುದು.

ಮಾತ್ರೆ ನುಂಗಿದರೆ ಸಾಲದೇ ಅಂತ ಕೇಳಬಹುದು. ಸಾಲದು. ಮದ್ದು ರಕ್ತದ ಜೊತೆ ಹರಿದು ಬರುತ್ತದೆ. ಕೀವಿನ ಗುಳ್ಳೆಯ ಒಳಗೆ ರಕ್ತ ಹರಿಯುವುದಿಲ್ಲ. ಆದ್ದರಿಂದ ಮದ್ದು ಬೇಕು, ಕೀವು ಹೊರಗೂ ಬರಬೇಕು. ಕೆಟ್ಟ ಹಲ್ಲನ್ನೂ ತೆಗೆಯಬೇಕು.

ನಿದ್ದೆ ಮಾಡಿಸಿ ಕೊಯ್ಯಬಾರದೇ?

ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಅಕ್ಕ ಒಂದು ದಿನ ಕೇಳಿದರು. "ಕುತ್ತಿಗಿಗೆ ಸೂಜಿ ಹಾಕಿದ್ರ ಜೀವ ಹೋಗಂಗಿಲ್ಲೇನ್ರಿ?" ಅಂತ. ಅವರ ಮೈದುನನಿಗೆ ಹಲ್ಲಿನ ಕೀವು ಗದ್ದಕ್ಕೆ ಇಳಿದಿತ್ತು. ಒಂದು ದವಾಖಾನೆಯಲ್ಲಿ, "ಎಚ್ಚರ ಇರುವಾಗಲೇ ಕುತ್ತಿಗೆ ಮರಗಟ್ಟಿಸಿ ಕೀವು ತೆಗೆಯುತ್ತೇವೆ" ಅಂದರು. ಮನೆಯವರಿಗೆ ಎದೆ ಒಡೆಯಿತು. ಎಚ್ಚರ ಇರುವಾಗ ಕುತ್ತಿಗೆ ಕೊಯ್ಯುವುದಾ? ಇದು ಬಡವರಿಗೆ ಮಾಡುವ ಕೆಲಸ, ದೊಡ್ಡವರಿಗಾದರೆ ನಿದ್ದೆ ಮಾಡಿಸಿ ಮಾಡುತ್ತಿದ್ದರು ಅಂತ ಯಾರೋ ಹೇಳಿದರು. ಎಬ್ಬಿಸಿಕೊಂಡು ಮನೆಗೆ ಬಂದುಬಿಟ್ಟರು. ಮರುದಿನ ರಾತ್ರಿ ಆತನಿಗೆ ಮಲಗಲು ಆಗಲಿಲ್ಲ. ಕೂತೇ ಏದುಸಿರು ಬಿಡುತ್ತಿದ್ದ. ದೊಡ್ಡ ದವಾಖಾನೆಗೆ ಒಯ್ದರು. ಅಲ್ಲಿ ಮೊದಲು ಗಂಟಲಿನ ಕೊಳವೆಗೆ ತೂತು ಮಾಡಿ ಉಸಿರಿಗೆ ದಾರಿ ಮಾಡಿದರು. ಆಮೇಲೆ ಕೀವು ತೆಗೆದರು. ಆತ ಬದುಕಿದ. ಆದರೆ ಅರ್ಧ ಗಂಟೆಯ ಕೆಲಸ ತಿಂಗಳ ಕಾಲ ಎಳೆಯಿತು. ಮನೆಯ ಎರಡು ಆಡು ಮಾರಬೇಕಾಯಿತು.

ಆ ಮನೆಯವರನ್ನು ನಾನು ಬಯ್ಯುವುದಿಲ್ಲ. ಯಾಕೆ ಎಚ್ಚರದಲ್ಲಿ ಮಾಡುತ್ತಾರೆ ಅಂತ ಅವರಿಗೆ ಯಾರೂ ಕೂತು ಹೇಳಲಿಲ್ಲ. ನಾವು ಇಲ್ಲಿ ಕೂತು ಮಾತಾಡುತ್ತಿರುವುದು ಅದಕ್ಕೇ.

ನಿದ್ದೆ ಮಾಡಿಸುವುದು ಅಂದರೆ ಬರೀ ನಿದ್ದೆ ಅಲ್ಲ. ಮೈಯ ಎಲ್ಲ ಮಾಂಸವೂ ಸಡಿಲ ಆಗುತ್ತದೆ. ನಾಲಿಗೆ ಹಿಂದಕ್ಕೆ ಬೀಳುತ್ತದೆ. ಒಳ್ಳೆಯ ಆರೋಗ್ಯ ಇದ್ದವರಿಗೆ ಇದರಿಂದ ತೊಂದರೆ ಇಲ್ಲ. ವೈದ್ಯರು ಬಾಯಿ ತೆರೆದು, ಗಂಟಲೊಳಗೆ ಒಂದು ಕೊಳವೆ ಇಳಿಸಿ, ಅದರಿಂದ ಉಸಿರು ಕೊಡುತ್ತಾರೆ. ಆದರೆ ಗದ್ದದಲ್ಲಿ ಕೀವು ತುಂಬಿದವನ ಬಾಯಿ ಒಂದು ಬೆರಳೂ ತೆರೆಯುವುದಿಲ್ಲ. ಒಳಗೆ ನಾಲಿಗೆ, ಗಂಟಲು ಎಲ್ಲ ಬಾತಿದೆ. ನಿದ್ದೆ ಮದ್ದು ಕೊಟ್ಟ ಮೇಲೆ ಕೊಳವೆ ಒಳಗೆ ಹೋಗದಿದ್ದರೆ? ಎಚ್ಚರ ಇದ್ದಾಗ ಅವನೇ ಕಷ್ಟಪಟ್ಟು ಎಳೆಯುತ್ತಿದ್ದ ಉಸಿರು ಕೂಡ ಹೋಗುತ್ತದೆ. ಆಗ ಉಳಿಯುವುದು ಕೆಲವೇ ನಿಮಿಷ.

ಹಾಗಾದರೆ ಎಚ್ಚರ ಇಡುವುದು ಬಡವ, ಸಿರಿವಂತ ಅಂತ ನೋಡಿ ಮಾಡುವ ಕೆಲಸ ಅಲ್ಲ. ನಿಮ್ಮ ಉಸಿರು ನಿಮ್ಮ ಕೈಯಲ್ಲೇ ಇರಲಿ ಅಂತ ಮಾಡುವ ಕೆಲಸ.

ಹೈದರಾಬಾದಿನಲ್ಲಿ ನಡೆದ ದೊಡ್ಡ ಪರೀಕ್ಷೆ

ಉಸಿರಿನ ಈ ಮಾತು ನಮ್ಮ ಸೀಮೆಗೆ ಹೊಸದಲ್ಲ. ಇದಕ್ಕೆ ಒಂದು ಕಥೆ ಇದೆ. ನನಗೆ ಬಹಳ ಇಷ್ಟವಾದ ಕಥೆ, ಸ್ವಲ್ಪ ಹೊತ್ತು ಹೇಳುತ್ತೇನೆ.

ಹಿಂದೆ ನೋವು ಆಗದ ಹಾಗೆ ಕೊಯ್ಯಲು ಕ್ಲೋರೋಫಾರ್ಮ್ ಎಂಬ ಮದ್ದಿನ ಆವಿ ಮೂಸಿಸುತ್ತಿದ್ದರು. 1847ರಲ್ಲಿ ಸ್ಕಾಟ್ಲೆಂಡಿನ ಸಿಂಪ್ಸನ್ ಎಂಬ ವೈದ್ಯರು ಇದನ್ನು ಬಳಕೆಗೆ ತಂದರು. ಜನ ನಿದ್ದೆ ಹೋಗುತ್ತಿದ್ದರು. ಆದರೆ ಕೆಲವರು ಏಳುತ್ತಲೇ ಇರಲಿಲ್ಲ. ಅವರು ಸತ್ತದ್ದು ಉಸಿರು ನಿಂತೋ, ಗುಂಡಿಗೆ ನಿಂತೋ? ವೈದ್ಯರಲ್ಲಿ ದೊಡ್ಡ ಜಗಳ.

ಆಗ ನಮ್ಮ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್. ಮಹಬೂಬ್‌ನಗರಕ್ಕೆ ಅವರದೇ ಹೆಸರು. 2019ರಲ್ಲಿ ನಾರಾಯಣಪೇಟೆ ಜಿಲ್ಲೆ ಆಗುವ ಮೊದಲು ಈ ನಾರಾಯಣಪೇಟೆ, ಮಕ್ತಲ್ ಎಲ್ಲ ಮಹಬೂಬ್‌ನಗರ ಜಿಲ್ಲೆಯಲ್ಲೇ ಇದ್ದವು, ನಿಮಗೆ ಗೊತ್ತು. ಹೈದರಾಬಾದಿನಲ್ಲಿ ಎಡ್ವರ್ಡ್ ಲಾರಿ ಎಂಬ ಇಂಗ್ಲಿಷ್ ವೈದ್ಯರು ಇದ್ದರು. ವೈದ್ಯ ಶಾಲೆಯನ್ನೂ ನಡೆಸುತ್ತಿದ್ದರು. ಅವರು ನಿಜಾಮರ ನೆರವಿನಿಂದ 1888ರಲ್ಲಿ ಒಂದು ಸಮಿತಿ, 1889ರಲ್ಲಿ ಇನ್ನೊಂದು ಸಮಿತಿ ಮಾಡಿದರು. ಹೈದರಾಬಾದ್ ಕ್ಲೋರೋಫಾರ್ಮ್ ಸಮಿತಿ ಅಂತ ಅದರ ಹೆಸರು. ಎರಡನೇ ಸಲ ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ಹೆಸರಾಂತ ವೈದ್ಯರನ್ನು ಕರೆಸಿದರು. ಅದಕ್ಕೆ ನಿಜಾಮರು 1000 ಪೌಂಡ್ ಹಣ ಕೊಟ್ಟರು. ನೂರಾರು ಪ್ರಾಣಿಗಳ ಮೇಲೆ ಪರೀಕ್ಷೆ ನಡೆಯಿತು. ಪಾಪ, ಆ ಪ್ರಾಣಿಗಳ ಲೆಕ್ಕ ಯಾರು ಇಟ್ಟರೋ.

ಸಮಿತಿ ಹೇಳಿದ್ದು ಇಷ್ಟು. ಮೊದಲು ನಿಲ್ಲುವುದು ಉಸಿರು. ಆದ್ದರಿಂದ ಮದ್ದು ಕೊಡುವವನು ಉಸಿರಿನ ಮೇಲೆ ಕಣ್ಣಿಟ್ಟಿರಬೇಕು. ಮುಂದೆ 1911ರಲ್ಲಿ ಲೆವಿ ಎಂಬ ವೈದ್ಯರು, ಕ್ಲೋರೋಫಾರ್ಮ್ ಗುಂಡಿಗೆಯನ್ನೂ ಒಮ್ಮೆಲೇ ನಿಲ್ಲಿಸಬಲ್ಲದು ಅಂತ ತೋರಿಸಿಕೊಟ್ಟರು. ಅಂದರೆ ಹೈದರಾಬಾದಿನ ಉತ್ತರ ಅರ್ಧ ಸರಿ, ಅರ್ಧ ತಪ್ಪು. ಕ್ಲೋರೋಫಾರ್ಮ್ ಈಗ ಯಾರೂ ಕೊಡುವುದಿಲ್ಲ. ಉಸಿರಿನ ಮೇಲೆ ಕಣ್ಣಿಡುವ ಮಾತು ಮಾತ್ರ ಇನ್ನೂ ನಿಂತಿದೆ.

ಅದೇ ಕಾಲದಲ್ಲಿ ಹೈದರಾಬಾದಿನ ವೈದ್ಯ ಶಾಲೆಯಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಹೆಣ್ಣುಮಗಳು ಓದಿದರು. ಕ್ಲೋರೋಫಾರ್ಮ್ ಕೊಡುವ ಕೆಲಸದಲ್ಲಿ ಹೆಸರು ಮಾಡಿದರು. ಜಗತ್ತಿನಲ್ಲೇ ಈ ಕೆಲಸ ಮಾಡಿದ ಮೊದಲ ಹೆಂಗಸರಲ್ಲಿ ಅವರೂ ಒಬ್ಬರು. ಹೆಣ್ಣುಮಕ್ಕಳು ಅಕ್ಷರ ಕಲಿಯುವುದೇ ಅಪರೂಪ ಆಗಿದ್ದ ಕಾಲ ಅದು. ಇಲ್ಲಿ ಕೂತಿರುವ ಅಕ್ಕಂದಿರು ಈ ಹೆಸರನ್ನು ಒಮ್ಮೆ ಜೋರಾಗಿ ಓದಿ. ರೂ-ಪಾ-ಬಾ-ಯಿ. ಸುಲಭ ಇದೆ.

ಮನೆಯ ತಂತಿ, ಊರಿನ ಟ್ರಾನ್ಸ್‌ಫಾರ್ಮರ್

ಈಗ ಸೂಜಿಯ ವಿಷಯಕ್ಕೆ ಬರೋಣ. ನರ ಅಂದರೆ ಕರೆಂಟಿನ ತಂತಿ ಇದ್ದ ಹಾಗೆ. ನೋವಿನ ಸುದ್ದಿ ಹಲ್ಲಿನಿಂದ, ಚರ್ಮದಿಂದ ಹೊರಟು ನರದ ಗುಂಟ ಮೆದುಳಿಗೆ ಹೋಗುತ್ತದೆ. ದಾರಿಯಲ್ಲಿ ತಡೆದರೆ ಸುದ್ದಿ ಮುಟ್ಟುವುದಿಲ್ಲ. ಕೊಯ್ದರೂ ನೋವು ಗೊತ್ತಾಗುವುದಿಲ್ಲ.

ಈ ಗುಟ್ಟು ಗೊತ್ತಾದದ್ದು 1884ರಲ್ಲಿ. ವಿಯೆನ್ನಾ ನಗರದ ಕಾರ್ಲ್ ಕೋಲರ್ ಎಂಬ ವೈದ್ಯರು ಕೊಕೇನ್ ಹನಿ ಹಾಕಿ ಕಣ್ಣನ್ನು ಮರಗಟ್ಟಿಸಿದರು. ಬೇಗನೆ ಅಮೆರಿಕದ ಹಾಲ್‌ಸ್ಟೆಡ್ ಎಂಬ ವೈದ್ಯರು ದವಡೆಯ ನರಕ್ಕೆ ಅದೇ ಮದ್ದನ್ನು ಚುಚ್ಚಿ ನೋಡಿದರು. ಕೊಕೇನ್ ಚಟ ಹಿಡಿಸುವ ಮದ್ದು. ಹಾಲ್‌ಸ್ಟೆಡ್ ಅವರೇ ಆ ಚಟಕ್ಕೆ ಬಿದ್ದರು. ಈಗ ಕೊಡುವುದು ಅದನ್ನಲ್ಲ. 1943ರಲ್ಲಿ ಸ್ವೀಡನ್ ದೇಶದ ಲಾಫ್‌ಗ್ರೆನ್ ಎಂಬುವರು ಮಾಡಿದ ಲಿಗ್ನೋಕೇನ್ ಎಂಬ ಮದ್ದು. ಕೆಲವರು ಝೈಲೋಕೇನ್ ಅನ್ನುತ್ತಾರೆ. ಎರಡೂ ಒಂದೇ. ಇದರಿಂದ ಚಟ ಹಿಡಿಯುವುದಿಲ್ಲ.

ಆದರೆ ಕೀವು ತುಂಬಿದ ಜಾಗಕ್ಕೇ ಈ ಮದ್ದು ಚುಚ್ಚಿದರೆ ಸರಿಯಾಗಿ ಹಿಡಿಯುವುದಿಲ್ಲ. ಯಾಕೆ? ಕೀವು ಹುಳಿ ಗುಣದ್ದು. ಹುಳಿಯಲ್ಲಿ ಮದ್ದಿನ ಗುಣ ಬದಲಾಗುತ್ತದೆ, ನರದ ಒಳಗೆ ನುಗ್ಗಲು ಆಗುವುದಿಲ್ಲ. "ನನಗೆ ಸೂಜಿ ಹಾಕಿದರು, ಆದರೂ ನೋವು ತಿಂದೆ" ಅಂತ ಕೆಲವರು ಹೇಳುತ್ತಾರಲ್ಲ, ಅದಕ್ಕೆ ಇದೂ ಒಂದು ಕಾರಣ. ಇನ್ನೊಂದು ಮಾತು, ಕೀವಿನೊಳಗೆ ಸೂಜಿ ಆಡಿಸಿದರೆ ಕೀವು ಆಚೀಚೆ ಹರಡಬಹುದು.

ನಿಮ್ಮ ಮನೆಯ ತಂತಿ ಸುಟ್ಟರೆ ಲೈನ್‌ಮನ್ ಏನು ಮಾಡುತ್ತಾನೆ? ಸುಟ್ಟ ತಂತಿಗೆ ಕೈ ಹಾಕುತ್ತಾನಾ? ಇಲ್ಲ. ದೂರದ ಟ್ರಾನ್ಸ್‌ಫಾರ್ಮರ್ ಹತ್ತಿರ ಹೋಗಿ ಕರೆಂಟ್ ತೆಗೆಯುತ್ತಾನೆ. ಆಮೇಲೆ ಬಂದು ರಿಪೇರಿ ಮಾಡುತ್ತಾನೆ. ವೈದ್ಯರೂ ಅದನ್ನೇ ಮಾಡುತ್ತಾರೆ. ಕೀವು ಇಲ್ಲದ ದೂರದ ಜಾಗದಲ್ಲಿ ನರವನ್ನು ಹಿಡಿಯುತ್ತಾರೆ. ಇದನ್ನು ನರ ತಡೆಯುವ ಸೂಜಿ ಅನ್ನೋಣ. ದವಾಖಾನೆಯಲ್ಲಿ 'ಬ್ಲಾಕ್' ಅನ್ನುತ್ತಾರೆ. ಬ್ಲಾಕ್ ಕೊಡ್ತೀವಿ ಅಂದರೆ ಇದೇ ಅಂತ ತಿಳಿಯಿರಿ.

ಎಲ್ಲಿ ಚುಚ್ಚುತ್ತಾರೆ?

ಎರಡು ಊರಿನ ಕರೆಂಟ್ ತೆಗೆಯಬೇಕು. ಒಂದು ದವಡೆಯದು. ಇನ್ನೊಂದು ಕುತ್ತಿಗೆಯ ಚರ್ಮದ್ದು.

ದವಡೆಗೆ ಸೂಜಿಯನ್ನು ಸಾಮಾನ್ಯವಾಗಿ ಬಾಯಿಯ ಒಳಗೆ, ಕೊನೆಯ ಹಲ್ಲಿನ ಹಿಂದೆ ಕೊಡುತ್ತಾರೆ. ಹಲ್ಲು ಕೀಳಿಸಿಕೊಂಡವರಿಗೆ ಇದು ಗೊತ್ತು. ಅರ್ಧ ತುಟಿ ದಪ್ಪ ಆದ ಹಾಗೆ ಆಗುತ್ತದೆ. ಆದರೆ ಬಾಯಿಯೇ ತೆರೆಯದಿದ್ದರೆ? ಅದಕ್ಕೂ ದಾರಿ ಹುಡುಕಿದ್ದಾರೆ. 1960ರಲ್ಲಿ ವಜೀರಾನಿ, 1977ರಲ್ಲಿ ಅಕಿನೋಸಿ ಎಂಬ ವೈದ್ಯರು ಹಲ್ಲು ಕಚ್ಚಿಕೊಂಡಿದ್ದರೂ ಕೆನ್ನೆ ಮತ್ತು ಮೇಲಿನ ಹಲ್ಲಿನ ನಡುವಿನಿಂದ ಸೂಜಿ ಕೊಡುವ ಬಗೆಯನ್ನು ಬರೆದರು. ಕೆನ್ನೆಯ ಹೊರಗಿನಿಂದ, ಕಿವಿಯ ಮುಂದೆ, ಕೆನ್ನೆಯ ಎಲುಬಿನ ಕೆಳಗೆ ಕೊಡುವ ಬಗೆಯೂ ಇದೆ. ಇದರಲ್ಲಿ ಇನ್ನೊಂದು ಲಾಭ ಇದೆ. ನೋವಿನಿಂದ ಬಿಗಿದುಕೊಂಡ ದವಡೆಯ ಮಾಂಸ ಸಡಿಲಾಗಿ, ಕೆಲವರಿಗೆ ಬಾಯಿ ಸ್ವಲ್ಪ ತೆರೆಯುತ್ತದೆ. ಆಗ ಕೆಟ್ಟ ಹಲ್ಲನ್ನೂ ಅದೇ ಹೊತ್ತಿನಲ್ಲಿ ತೆಗೆಯಲು ಅನುಕೂಲ.

ಕುತ್ತಿಗೆಯದು ಹೀಗೆ. ಮುಖವನ್ನು ಎಡಕ್ಕೆ ತಿರುಗಿಸಿ. ಬಲಗಡೆ ಕಿವಿಯ ಹಿಂದಿನಿಂದ ಎದೆಯ ಎಲುಬಿನವರೆಗೆ ಹಗ್ಗದ ಹಾಗೆ ಒಂದು ಮಾಂಸ ಎದ್ದು ಕಾಣುತ್ತದೆ. ಕೈಯಲ್ಲಿ ಮುಟ್ಟಿ ನೋಡಿ. ಅದರ ಹಿಂದಿನ ಅಂಚಿನ ನಡುವೆ ಬೆರಳು ಇಡಿ. ಕುತ್ತಿಗೆಯ ಮುಂಭಾಗ, ಗದ್ದದ ಕೆಳಗೆ, ಕಿವಿಯ ಸುತ್ತ ಇರುವ ಚರ್ಮದ ನರಗಳು ಅಲ್ಲಿಂದಲೇ ಮೇಲೆ ಬಂದು ಹರಡುತ್ತವೆ. ಒಂದೇ ಕಟ್ಟೆಯಿಂದ ನಾಲ್ಕು ಕಾಲುವೆ ಒಡೆದ ಹಾಗೆ. ಆ ಜಾಗದಲ್ಲಿ ಚರ್ಮದ ಕೆಳಗೆ, ಮೇಲೆ ಮೇಲೆ, ಮದ್ದು ಹರಡುತ್ತಾರೆ. ಸೂಜಿ ಆಳಕ್ಕೆ ಹೋಗುವುದಿಲ್ಲ. ಈಗ ಹಲವು ಕಡೆ ಬಸುರಿಯರಿಗೆ ಮಾಡುವಂಥ ಸ್ಕ್ಯಾನ್ ಯಂತ್ರ ಇಟ್ಟು, ಸೂಜಿ ಎಲ್ಲಿದೆ ಅಂತ ಪರದೆಯಲ್ಲಿ ನೋಡುತ್ತಲೇ ಕೊಡುತ್ತಾರೆ.

ಆ ಅಕ್ಕನ ಪ್ರಶ್ನೆಗೆ ಉತ್ತರ ಇಲ್ಲಿದೆ. ಕುತ್ತಿಗೆಯಲ್ಲಿ ದೊಡ್ಡ ರಕ್ತನಾಳಗಳು ಇವೆ, ನಿಜ. ಅದಕ್ಕೇ ಕಲಿತವರು ಮಾತ್ರ ಕೊಡಬೇಕು. ಮದ್ದು ಬಿಡುವ ಮೊದಲು ಸಿರಿಂಜನ್ನು ಹಿಂದಕ್ಕೆ ಎಳೆದು ರಕ್ತ ಬರುತ್ತದಾ ಅಂತ ನೋಡುತ್ತಾರೆ. ಸೂಜಿಯ ನಂತರ ಕೆಲವರಿಗೆ ದನಿ ಒಡೆಯುತ್ತದೆ. ಕೆಲವರಿಗೆ ಒಂದು ಕಣ್ಣಿನ ರೆಪ್ಪೆ ಜೋಲುತ್ತದೆ. ಮದ್ದಿನ ಶಕ್ತಿ ಇಳಿದ ಮೇಲೆ ಸರಿ ಹೋಗುತ್ತದೆ. ಲಿಗ್ನೋಕೇನ್ ಒಂದೆರಡು ಗಂಟೆ ಹಿಡಿಯುತ್ತದೆ. ಬುಪಿವಕೇನ್ ಎಂಬ ಇನ್ನೊಂದು ಮದ್ದು ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ.

ತೂಕ ಯಾಕೆ ಕೇಳುತ್ತಾರೆ?

ಸೂಜಿಗೆ ಮೊದಲು ನಿಮ್ಮನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾರೆ. ಗುಣಾಕಾರ ಕಲಿತಿದ್ದೇವೆ, ಲೆಕ್ಕ ಮಾಡೋಣ. ಬರೀ ಲಿಗ್ನೋಕೇನ್ ಆದರೆ ಒಂದು ಕಿಲೋ ತೂಕಕ್ಕೆ ಹೆಚ್ಚೆಂದರೆ 4.5 ಮಿಲಿಗ್ರಾಂ. 50 ಕಿಲೋ ತೂಗುವ ಅಕ್ಕನಿಗೆ 50 ಸಲ 4.5, ಅಂದರೆ 225 ಮಿಲಿಗ್ರಾಂ. ಬಾಟಲಿಯ ಮೇಲೆ 2% ಅಂತ ಬರೆದಿದ್ದರೆ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂ ಇರುತ್ತದೆ. ಹಾಗಾದರೆ ಸುಮಾರು 11 ಮಿಲಿಲೀಟರ್. ಅದಕ್ಕಿಂತ ಹೆಚ್ಚು ಕೊಡಬಾರದು. ದವಡೆಗೂ ಕುತ್ತಿಗೆಗೂ ಸೇರಿಸಿ ಈ ಲೆಕ್ಕ. ರಕ್ತನಾಳ ಬಿಗಿ ಮಾಡುವ ಇನ್ನೊಂದು ಮದ್ದು ಬೆರೆಸಿದರೆ ಲೆಕ್ಕ ಬೇರೆ. ಅದು ವೈದ್ಯರ ಕೆಲಸ. ನಾವು ಲೆಕ್ಕ ಮಾಡಿದ್ದು ಮನೆಯಲ್ಲಿ ಸೂಜಿ ಹಾಕಿಕೊಳ್ಳಲು ಅಲ್ಲ. ತೂಕವನ್ನು ಅಂದಾಜಿಗೆ ಹೇಳಬೇಡಿ, ಯಂತ್ರದ ಮೇಲೆ ನಿಂತೇ ಹೇಳಿ ಅಂತ.

ಮದ್ದು ಹೆಚ್ಚಾದರೆ, ಅಥವಾ ರಕ್ತನಾಳಕ್ಕೆ ಹೋದರೆ, ಮೈ ಮೊದಲೇ ಸುಳಿವು ಕೊಡುತ್ತದೆ. ನಾಲಿಗೆಗೆ ಕಬ್ಬಿಣದ ರುಚಿ. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ತುಟಿಯ ಸುತ್ತ ಜುಮು ಜುಮು. ತಲೆ ತಿರುಗು. ಹೀಗೆ ಆದರೆ ಕೂಡಲೇ ಬಾಯಿಬಿಟ್ಟು ಹೇಳಿ. ನಿದ್ದೆಯಲ್ಲಿ ಇರುವವನು ಇದನ್ನು ಹೇಳಲಾರ. ಎಚ್ಚರ ಇರುವವನು ಹೇಳಬಲ್ಲ.

ಯಾವ ಭಾಷೆಯಲ್ಲಿ ಹೇಳುವುದು?

ನಮ್ಮ ಕಷ್ಟ ಇಲ್ಲೇ ಇದೆ. ಮನೆಯಲ್ಲಿ ನಾವು ಕನ್ನಡ. ದವಾಖಾನೆಯಲ್ಲಿ ತೆಲುಗು. ಕಾಗದದಲ್ಲಿ ಬಹಳ ಸಲ ಇಂಗ್ಲಿಷ್. ಸಂತೆಯಲ್ಲಿ ತೆಲುಗು ಸಲೀಸಾಗಿ ಆಡುವವರೂ ಹೆದರಿಕೆಯ ಹೊತ್ತಿನಲ್ಲಿ ಮನೆಯ ಮಾತನ್ನೇ ಆಡುತ್ತೇವೆ. ಈ ಕೆಲವು ಮಾತನ್ನು ಗಟ್ಟಿ ಮಾಡಿಕೊಳ್ಳೋಣ. ಬಹಳ ಶಬ್ದ ಅಕ್ಕ ತಂಗಿಯರ ಹಾಗೆ ಇವೆ. ನೋವು, ತೆಲುಗಿನಲ್ಲಿ ನೊಪ್ಪಿ. ಹಲ್ಲು, ಪನ್ನು. ದವಡೆ, ದವಡ. ಬಾವು, ವಾಪು. ಕೀವು, ಚೀಮು. ಮರಗಟ್ಟಿದ್ದಕ್ಕೆ ತಿಮ್ಮಿರಿ. ಕುತ್ತಿಗೆ ಮಾತ್ರ ದೂರದ ನೆಂಟ, ಅದು ಮೆಡ. ಉಸಿರು ಅಂದರೆ ಊಪಿರಿ. "ಊಪಿರಿ ಆಡಟ್ಲೇದು" ಅಂದರೆ ಉಸಿರಾಡಲು ಆಗುತ್ತಿಲ್ಲ ಅಂತ. ಇದೊಂದನ್ನು ಹತ್ತು ಸಲ ಹೇಳಿ ರೂಢಿ ಮಾಡಿಕೊಳ್ಳಿ.

ಇನ್ನೊಂದು ತಮಾಷೆ. ನಮ್ಮ ಪುಸ್ತಕದಲ್ಲಿ 'ಮತ್ತು' ಅಂದರೆ 'ಅಮ್ಮ ಮತ್ತು ಅಪ್ಪ' ಅನ್ನುವಾಗಿನ ಮತ್ತು. ದವಾಖಾನೆಯಲ್ಲಿ "ಮತ್ತು ಇಸ್ತಾಂ" ಅಂದರೆ ಅರಿವಳಿಕೆ ಕೊಡುತ್ತೇವೆ ಅಂತ. ಆಗ ನೀವು ಒಂದು ಪ್ರಶ್ನೆ ಕೇಳಬೇಕು. ಪೂರ್ತಿ ನಿದ್ದೆಯಾ, ಬರೀ ಆ ಜಾಗಕ್ಕಾ? ಕೇಳುವುದಕ್ಕೆ ಸಂಕೋಚ ಬೇಡ.

ಎಚ್ಚರದಲ್ಲಿ ಮಾಡುವಾಗ ಏನು ಗೊತ್ತಾಗುತ್ತದೆ ಅಂತಲೂ ತಿಳಿದಿರಿ. ಮುಟ್ಟಿದ್ದು ಗೊತ್ತಾಗುತ್ತದೆ. ಎಳೆದದ್ದು, ಒತ್ತಿದ್ದು ಗೊತ್ತಾಗುತ್ತದೆ. ಕೀವಿನ ಕೆಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಚುಚ್ಚಿದ ಹಾಗೆ, ಕೊಯ್ದ ಹಾಗೆ ನೋವು ಮಾತ್ರ ಇರಬಾರದು. ಇದ್ದರೆ ಕೈ ಎತ್ತಿ. ಹೇಳದೆ ಹಲ್ಲು ಕಚ್ಚಿ ತಡೆದುಕೊಳ್ಳುವುದು ಗಟ್ಟಿತನ ಅಲ್ಲ. ವೈದ್ಯರು ನಿಲ್ಲಿಸಿ ಇನ್ನಷ್ಟು ಮದ್ದು ಕೊಡಬಲ್ಲರು. ಆದರೆ ಒಮ್ಮೆಲೇ ತಲೆ ತಿರುಗಿಸಬೇಡಿ, ಎದ್ದು ಕೂರಬೇಡಿ. ಪೂರ್ತಿ ಅಂಗಾತ ಮಲಗಲು ಆಗದಿದ್ದರೆ ಮೊದಲೇ ಹೇಳಿ. ಅರ್ಧ ಕೂತ ಹಾಗೆ ಇಟ್ಟೂ ಮಾಡುತ್ತಾರೆ.

ಎಲ್ಲರಿಗೂ ಬರೀ ಸೂಜಿಯಲ್ಲಿ ಮುಗಿಯುವುದಿಲ್ಲ, ಇದನ್ನೂ ನೇರವಾಗಿ ಹೇಳಬೇಕು. ಉಸಿರು ಆಗಲೇ ಕಟ್ಟುತ್ತಿದ್ದರೆ, ಕೀವು ಗಂಟಲಿನ ಹಿಂದೆ ಅಥವಾ ಎದೆಯ ಕಡೆಗೆ ಇಳಿದಿದ್ದರೆ, ಸಣ್ಣ ಮಗು ಆಗಿದ್ದರೆ, ಬೇರೆ ದಾರಿ ಬೇಕು. ಸೂಜಿ ಕೊಡುವ ಜಾಗಕ್ಕೇ ಬಾವು ಹಬ್ಬಿದ್ದರೂ ಕೊಡಲು ಆಗುವುದಿಲ್ಲ. ಉಸಿರಿನ ದಾರಿಯನ್ನು ಮೊದಲು ಭದ್ರ ಮಾಡುತ್ತಾರೆ. ಎಚ್ಚರ ಇರುವಾಗಲೇ ಮೂಗಿನಿಂದ ಕ್ಯಾಮೆರಾ ಇರುವ ಸಣ್ಣ ಕೊಳವೆ ಇಳಿಸುತ್ತಾರೆ. ಅದು ಆಗದಿದ್ದರೆ ಕುತ್ತಿಗೆಯ ಮುಂದೆ ಉಸಿರು ಕೊಳವೆಗೆ ತೂತು ಮಾಡುತ್ತಾರೆ. ಆ ತೂತನ್ನು ಕಂಡು ಹೆದರಬೇಡಿ. ಕೆಲಸ ಮುಗಿದು ಬಾವು ಇಳಿದ ಮೇಲೆ ಅದನ್ನು ಮುಚ್ಚುತ್ತದೆ. ಬೇಗ ಹೋದವರಿಗೆ ಸಣ್ಣ ಸೂಜಿಯಲ್ಲಿ ಮುಗಿಯುವ ಸಾಧ್ಯತೆ ಹೆಚ್ಚು. ತಡ ಮಾಡಿದವರಿಗೆ ಕಡಿಮೆ.

ಹೆಬ್ಬೆಟ್ಟಿನ ಮೊದಲು

ಕೊಯ್ಯುವ ಮೊದಲು ಒಂದು ಒಪ್ಪಿಗೆ ಕಾಗದಕ್ಕೆ ಸಹಿ ಕೇಳುತ್ತಾರೆ. ನೀವೀಗ ಸಹಿ ಕಲಿತವರು. ಆದರೂ ಓದಲು ಆಗದ ಭಾಷೆಯ ಕಾಗದಕ್ಕೆ ಸುಮ್ಮನೆ ಸಹಿ ಹಾಕಬೇಡಿ. "ಇದರಲ್ಲಿ ಏನು ಬರೆದಿದೆ, ನನಗೆ ತಿಳಿಯುವ ಮಾತಿನಲ್ಲಿ ಹೇಳಿ" ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು. ಯಾವ ಹಲ್ಲು? ಯಾವ ಕಡೆ ಕೊಯ್ಯುತ್ತೀರಿ? ಯಾವ ಸೂಜಿ? ಸೂಜಿ ಸಾಲದಿದ್ದರೆ ಆಮೇಲೆ ಏನು ಮಾಡುತ್ತೀರಿ? ನಾಲ್ಕು ಪ್ರಶ್ನೆ ಸಾಕು. ಜೊತೆಗೆ ನೀವು ಹೇಳಬೇಕಾದ್ದನ್ನು ನೀವು ಹೇಳಿ. ಸಕ್ಕರೆ ಕಾಯಿಲೆ ಇದೆಯಾ? ಇದ್ದರೆ ಕೀವು ಬೇಗ ಹಬ್ಬುತ್ತದೆ. ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತೀರಾ? ಹಿಂದೆ ಯಾವುದಾದರೂ ಸೂಜಿ ಮೈಗೆ ಆಗಿಬಂದಿರಲಿಲ್ಲವಾ? ಬಸುರಿಯಾ? ಕೊನೆಯ ಸಲ ಊಟ ಮಾಡಿದ್ದು ಎಷ್ಟು ಹೊತ್ತಿಗೆ?

ಯಾವಾಗ ಹೊರಡಬೇಕು, ಎಲ್ಲಿಗೆ?

ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಿ ನೋಡಿ. ಆರೋಗ್ಯವಂತರಿಗೆ ಹಿಡಿಯುತ್ತದೆ. ಗದ್ದ ಬಾತು, ಎರಡು ಬೆರಳೂ ಹಿಡಿಯದಿದ್ದರೆ ಅದೇ ದಿನ ಹೊರಡಿ. ನುಂಗಲು ಕಷ್ಟ, ಎಂಜಲು ಸುರಿಯುವುದು, ಬಿಸಿ ಮುದ್ದೆ ಬಾಯಲ್ಲಿ ಇಟ್ಟುಕೊಂಡ ಹಾಗೆ ಮಾತು ತೊದಲುವುದು, ಗದ್ದದ ಕೆಳಗೆ ಎರಡೂ ಕಡೆ ಗಟ್ಟಿ ಬಾವು, ಮಲಗಿದರೆ ಉಸಿರು ಸಿಗದಿರುವುದು, ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ರೋಗಿಯನ್ನು ಕೂರಿಸಿಯೇ ಕರೆದುಕೊಂಡು ಹೋಗಿ, ಮಲಗಿಸಬೇಡಿ. ದಾರಿಯಲ್ಲಿ ಚಹಾ, ಗಂಜಿ ಕುಡಿಸಬೇಡಿ.

ಬಾವಿಗೆ ಸುಣ್ಣ ಹಚ್ಚುವುದು, ಹೊಗೆಸೊಪ್ಪು ತುರುಕುವುದು, ಬಿಸಿ ಇಟ್ಟಿಗೆಯ ಶಾಖ, ಬ್ಲೇಡಿನಿಂದ ಕೀಸುವುದು, ಇವು ಯಾವುದೂ ಬೇಡ. ಲವಂಗ ಹಲ್ಲಿನ ನೋವನ್ನು ಸ್ವಲ್ಪ ಹೊತ್ತು ಮರೆಸುತ್ತದೆ, ಕೀವನ್ನು ಕರಗಿಸುವುದಿಲ್ಲ.

ಗುಂಡುಮಾಲ್ ಈಗ ಮಂಡಲ ಆಗಿದೆ. ಆದರೂ ಇಂಥ ಕೆಲಸಕ್ಕೆ ದೊಡ್ಡ ದವಾಖಾನೆಗೇ ಹೋಗಬೇಕು. ನಾರಾಯಣಪೇಟೆಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ. 2024ರಲ್ಲಿ ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಶುರುವಾಯಿತು. ಮಹಬೂಬ್‌ನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಹೈದರಾಬಾದಿನಲ್ಲಿ ಅಫ್ಜಲ್‌ಗಂಜ್ ಹತ್ತಿರ ಉಸ್ಮಾನಿಯಾ ದವಾಖಾನೆ, ಸರ್ಕಾರಿ ದಂತ ಕಾಲೇಜು ಎರಡೂ ಇವೆ. ಗಡಿ ದಾಟಿದರೆ ರಾಯಚೂರಿನಲ್ಲಿ ರಿಮ್ಸ್ ಇದೆ, ದಂತ ಕಾಲೇಜುಗಳೂ ಇವೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಉಸಿರು ಕಟ್ಟುತ್ತಿರುವಾಗ ಭಾಷೆ ನೋಡಿಕೊಂಡು ದೂರ ಹೋಗುವುದು ಬೇಡ. ಹತ್ತಿರದ್ದಕ್ಕೆ ಮೊದಲು. ಆರೋಗ್ಯಶ್ರೀಗೆ ಬೇಕಾದ ಕಾರ್ಡು, ಆಧಾರ್ ಜೊತೆಗಿರಲಿ. ದವಾಖಾನೆಯಲ್ಲಿ ಆರೋಗ್ಯಮಿತ್ರ ಎಂಬುವರು ಇರುತ್ತಾರೆ. ಖರ್ಚಿನ ವಿಷಯ ಅವರನ್ನು ಕೇಳಿ.

ಮನೆಗೆ ಬಂದ ಮೇಲೆ

ಕೊಯ್ದ ಜಾಗಕ್ಕೆ ಹೊಲಿಗೆ ಹಾಕಿ ಪೂರ್ತಿ ಮುಚ್ಚುವುದಿಲ್ಲ. ಒಂದು ಸಣ್ಣ ರಬ್ಬರ್ ಪಟ್ಟಿ ಇಡುತ್ತಾರೆ, ಉಳಿದ ಕೀವು ಅದರ ಗುಂಟ ಹೊರಗೆ ಬರಲಿ ಅಂತ. ದಿನಾ ತೊಳೆದು ಪಟ್ಟಿ ಕಟ್ಟುತ್ತಾರೆ. ಕೀವು ನಿಂತ ಮೇಲೆ ರಬ್ಬರ್ ತೆಗೆಯುತ್ತಾರೆ. ಬಾವು ಇಳಿಯಿತು ಅಂತ ಮಾತ್ರೆಯನ್ನು ನಡುವೆ ಬಿಡಬೇಡಿ. ಕೆಟ್ಟ ಹಲ್ಲನ್ನು ಆ ದಿನ ತೆಗೆದಿರದಿದ್ದರೆ ಹೇಳಿದ ತಾರೀಕಿಗೆ ಹೋಗಿ ತೆಗೆಸಿ. ಆ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ನೀವೇ ಗುರುತು ಮಾಡಿ. ಹಲ್ಲು ಉಳಿದರೆ ಕೀವು ಮತ್ತೆ ಬರುತ್ತದೆ.

ತುಟಿ ಮರಗಟ್ಟಿರುವವರೆಗೆ ಬಿಸಿ ಚಹಾ ಬೇಡ, ಸುಟ್ಟದ್ದು ಗೊತ್ತಾಗುವುದಿಲ್ಲ. ದವಡೆ ಕೆಲವು ದಿನ ಬಿಗಿಯಾಗಿಯೇ ಇರುತ್ತದೆ. ವೈದ್ಯರು ಹೇಳಿದ ಮೇಲೆ ಐಸ್‌ಕ್ರೀಮಿನ ಚಪ್ಪಟೆ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲಿನ ನಡುವೆ ಹಿಡಿಯಿರಿ, ಎರಡು ದಿನಕ್ಕೆ ಒಂದು ಕಡ್ಡಿ ಹೆಚ್ಚಿಸಿ. ರಬ್ಬರ್ ಪಟ್ಟಿ ತಾನಾಗಿ ಕಳಚಿ ಬಿದ್ದರೆ ಎಸೆದು ಸುಮ್ಮನಿರಬೇಡಿ, ಅದನ್ನು ಒಂದು ಕಾಗದದಲ್ಲಿ ಸುತ್ತಿಕೊಂಡು ಅದೇ ದಿನ ದವಾಖಾನೆಗೆ ಹೋಗಿ ತೋರಿಸಿ.